ಬೈಸಿಕೊಳ್ಳುವ ಭಾಗ್ಯ

ಮೃತ್ಯುಂಜಯ ಸರ್‌ಗೆ ದೇವರು ಕೊಟ್ಟಿದ್ದು ಎರಡು ಕಣ್ಣು, ಆ ಎರಡೂ ಅಫ್ರೀನ್ ಮೇಲೆ. ಗುಂಡ್ಲುಪೇಟೆಯ ಅವರ ಕರಾಟೆ ಕ್ಲಾಸಿನ ಮಕ್ಕಳಿಗೆಲ್ಲ ಗೊತ್ತಿದ್ದ ಸಂಗತಿ ಇದು. ಗೊತ್ತಿಲ್ಲದಿದ್ದವರೆಂದರೆ ಸರ್ ಒಬ್ಬರೇ. ಯಾರಾದರೂ ಕೇಳಿದ್ದರೆ "ನನಗೆ ಎಲ್ಲ ಮಕ್ಕಳೂ ಒಂದೇ" ಎಂದು ಎದೆ ಮುಟ್ಟಿಕೊಂಡು ಹೇಳುತ್ತಿದ್ದರು. ಹಾಗೆ ಹೇಳುವಾಗಲೂ ಅಫ್ರೀನ್ ಕಾಲು ಸರಿಯಾಗಿ ಇಟ್ಟಿದ್ದಾಳೋ ಇಲ್ಲವೋ ಎಂದು ಓರೆಗಣ್ಣಿನಲ್ಲಿ ನೋಡುತ್ತಿದ್ದರು.

ಕ್ಲಾಸು ನಡೆಯುತ್ತಿದ್ದುದು ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ, ಮದುವೆ ಇಲ್ಲದ ದಿನಗಳ ಬೆಳಿಗ್ಗೆ. ಹಿಂದಿನ ದಿನದ ಸಾರಿನ ವಾಸನೆ ಇನ್ನೂ ಗೋಡೆಗೆ ಅಂಟಿಕೊಂಡಿರುತ್ತಿತ್ತು. ಸಿಂಧು ಹಂಗಳದಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು. ಎಂಟನೇ ಕ್ಲಾಸಿನ ಹುಡುಗಿ. ಅಜ್ಜಿ ಗುರುಮಲ್ಲಮ್ಮ ಕಿವಿ ಮುಚ್ಚುವಂತೆ ಬಿಗಿದು ಕಟ್ಟಿದ ಮಫ್ಲರನ್ನು ಬಸ್ಸು ಇಳಿದ ತಕ್ಷಣ ಬಿಚ್ಚಿ ಬ್ಯಾಗಿಗೆ ತುರುಕುತ್ತಿದ್ದಳು. ಬಂಡೀಪುರದ ಕಡೆಯಿಂದ ಬರುವ ಬಸ್ಸಿಗೆ ಆನೆ ಅಡ್ಡ ನಿಂತ ದಿನ ತಡವಾಗುತ್ತಿತ್ತು. ತಡವಾಗಿ ಬಂದರೂ ಸರ್ ಏನೂ ಅನ್ನುತ್ತಿರಲಿಲ್ಲ. ಅದೇ ಅವಳ ಸಂಕಟ.

ಬೈಗುಳವೆಲ್ಲ ಅಫ್ರೀನ್ ಪಾಲು. "ಮೊಣಕೈ ಎಲ್ಲಿಟ್ಟಿದ್ದೀಯ? ಸೊಂಟ ಯಾಕೆ ತಿರುಗಲ್ಲ? ರಾತ್ರಿ ನಿದ್ದೆ ಮಾಡಿದ್ಯಾ ಇಲ್ವಾ?" ಎಂದು ಸರ್ ಅವಳ ಮೇಲೆ ಹರಿಹಾಯುವರು. ಆಮೇಲೆ ತಾವೇ ಹೋಗಿ ಆ ಮೊಣಕೈಯನ್ನು ಎರಡು ಬೆರಳಲ್ಲಿ ಎತ್ತಿ ಸರಿಮಾಡುವರು. ಅಫ್ರೀನ್ ಹೊಲಿಗೆ ಅಂಗಡಿಯ ಲಿಯಾಕತ್ ಅಲಿಯವರ ಮಗಳು, ಸಿಂಧುವಿನ ವಯಸ್ಸಿನವಳೇ. ಒದ್ದರೆ ಬಾರುಕೋಲು ಬೀಸಿದ ಹಾಗೆ ಸದ್ದಾಗುತ್ತಿತ್ತು. ಅವಳು ಚೆನ್ನಾಗಿ ಆಡುತ್ತಾಳೆಂಬುದರಲ್ಲಿ ಸಿಂಧುವಿಗೂ ತಕರಾರಿರಲಿಲ್ಲ. ತನಗೂ ಒಮ್ಮೆ ಬೈಯಲಿ, ತನ್ನ ಮೊಣಕೈಯೂ ಒಂದು ಸಲ ಸರ್ ಕಣ್ಣಿಗೆ ಬೀಳಲಿ ಎಂದಷ್ಟೇ ಅವಳ ಆಸೆ. ಬೈಸಿಕೊಳ್ಳಲಿಕ್ಕೂ ಪುಣ್ಯ ಮಾಡಿರಬೇಕು ಎಂದು ಆ ವಯಸ್ಸಿಗೇ ಅವಳಿಗೆ ಅರ್ಥವಾಗಿಬಿಟ್ಟಿತ್ತು.

ಅಜ್ಜಿಗೆ ಹೇಳಿದಳು. ಅಜ್ಜಿಗೆ ಇಂಥದ್ದಕ್ಕೆಲ್ಲ ಒಂದೇ ಮದ್ದು ಗೊತ್ತಿತ್ತು. ಮಾರನೆಯ ದಿನ ಇಬ್ಬನಿ ಆರುವ ಮೊದಲೇ ಹಿತ್ತಿಲ ಅವರೆಕಾಯಿ ಬಿಡಿಸಿ ಚೀಲ ತುಂಬಿಸಿ ಕೊಟ್ಟಳು.

"ತಕ್ಕೊಂಡೋಗಿ ನಿಮ್ ಮೇಷ್ಟ್ರಿಗೆ ಕೊಡು. ಸೊನೆ ಅವರೆಕಾಯಿ, ಉಳ ಒಂದೂ ಇಲ್ಲ. ಒಂದ್ಸಲ ಸಾರು ಉಂಡ್ರೆ ನಿನ್ ಎಸ್ರು ಮರ್ತಾರಾ, ನೋಡೇ ಬುಡ್ತೀನಿ."

ಚೀಲ ಕೊಟ್ಟಾಗ ಸರ್ "ಅಲ್ಲಿಡಮ್ಮ" ಎಂದರು, ಅಫ್ರೀನ್ ಕಾಲಿನಿಂದ ಕಣ್ಣು ತೆಗೆಯದೆ. ಸಾರು ಚೆನ್ನಾಗಿಯೇ ಆಗಿರಬೇಕು. ಮರುದಿನ ಕೇಳಿದರು: "ನಿನ್ನೆ ಅವರೆಕಾಯಿ ತಂದಿದ್ದು ಯಾರು?" ಸಿಂಧು ಕೈಯೆತ್ತುವಷ್ಟರಲ್ಲಿ ಅಫ್ರೀನ್ ಬೆಲ್ಟು ಬಿಚ್ಚಿಹೋಯಿತು, ಸರ್ ಅತ್ತ ಓಡಿದರು.

"ನನ್ ಕಾಯಿ ತಿಂದೂ ಕಣ್ಣು ಬುಡ್ನಿಲ್ವಾ ಆವಯ್ಯ?" ಎಂದು ಅಜ್ಜಿ ಸಿಟ್ಟಾದಳು. "ಬುಟ್ಬುಡು ಕಣಮ್ಮಿ ಆ ಕ್ಲಾಸ. ಯಾರ್ಗೆ ಬೇಕು?"

ಸಿಂಧುವಿಗೆ ಬೇಕಿತ್ತು. ಅವಳು ಬಿಡಲಿಲ್ಲ.

ಚಾಮರಾಜನಗರದ ಜಿಲ್ಲಾ ಪಂದ್ಯ ಹತ್ತಿರ ಬಂದಾಗ ಸರ್ ಅಫ್ರೀನ್‌ಗೆ ಹೊಸ ಕಟಾ ಒಂದನ್ನು ಹೇಳಿಕೊಡತೊಡಗಿದರು. ಕಟಾ ಎಂದರೆ ಎದುರಾಳಿಯೇ ಇಲ್ಲದೆ ಒಬ್ಬರೇ ಗಾಳಿಗೆ ಹೊಡೆಯುತ್ತ, ತಡೆಯುತ್ತ, ತಿರುಗುತ್ತ ಮಾಡುವ ವರಸೆ. ಹಾಲ್‌ನಲ್ಲಿ ದೊಡ್ಡ ಕನ್ನಡಿ ಇರಲಿಲ್ಲ. ಸರ್ ಸುತ್ತ ನೋಡಿ, "ಏಯ್, ನೀನು ಬಾ. ಅಫ್ರೀನ್ ಎದುರು ನಿಂತ್ಕೊ. ಅವಳು ಮಾಡಿದ ಹಾಗೇ ಮಾಡು. ಅವಳಿಗೆ ತನ್ನ ತಪ್ಪು ಕಾಣಬೇಕು" ಎಂದು ಸಿಂಧುವನ್ನು ಎಳೆದು ನಿಲ್ಲಿಸಿದರು.

ಅಂದಿನಿಂದ ಸಿಂಧು ಅಫ್ರೀನ್‌ಳ ಕನ್ನಡಿ. ಅಫ್ರೀನ್ ಕಿಟಕಿಯ ಕಡೆ ತಿರುಗಿದರೆ ಅವಳೂ ಕಿಟಕಿಯ ಕಡೆಗೆ, ಅಡುಗೆಮನೆಯ ಕಡೆ ಹೊಡೆದರೆ ಅವಳೂ ಅಡುಗೆಮನೆಯ ಕಡೆಗೆ. ಸರ್ ಅಫ್ರೀನ್‌ಳ ಪಕ್ಕದಲ್ಲೇ ನಿಂತು ತಿದ್ದುವರು. ಸಿಂಧು ಕಣ್ಣಲ್ಲೇ ಕಲಿತಳು. ಸಂಜೆ ಹಂಗಳದ ಅಂಗಳದಲ್ಲಿ, ಕಟ್ಟಿದ ಹಸುಗಳು ಮೆಲುಕು ಹಾಕುತ್ತ ನೋಡುತ್ತಿರುವಾಗ, ಅದನ್ನೇ ಮತ್ತೆ ಮತ್ತೆ ಮಾಡುವಳು. ಕಡೆಕಡೆಗೆ ನಿದ್ದೆಯಲ್ಲೂ ಕಾಲು ಆಡಿಸುತ್ತಾಳೆಂದು ಅಜ್ಜಿ ಬೇರೆ ಚಾಪೆ ಹಾಸಿಕೊಂಡಳು.

ಪಂದ್ಯಕ್ಕೆ ಒಂದೊಂದು ಕ್ಲಾಸಿನಿಂದ ಇಬ್ಬರು ಹುಡುಗಿಯರು ಹೋಗಬಹುದಿತ್ತು. "ಹೇಗೂ ಅಫ್ರೀನ್ ಎದುರು ನಿಲ್ಲೋಕೆ ಒಬ್ಬಳು ಬೇಕು. ನೀನೂ ಬಾ, ನಿನ್ನ ಹೆಸರೂ ಕೊಡ್ತೀನಿ" ಎಂದರು ಸರ್. ಕರೆದ ರೀತಿ ಹೇಗೇ ಇರಲಿ, ಸಿಂಧುವಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಲ್ಲಿ ಅವಳೊಬ್ಬಳೇ ನಿಂತು ಮಾಡಬೇಕು, ಅಂದಮೇಲೆ ಸರ್ ನೋಡಲೇಬೇಕು! ಬೇರೆಲ್ಲಿ ನೋಡುತ್ತಾರೆ?

ಪಂದ್ಯ ನೋಡಲು ಅಜ್ಜಿಯೂ ಹೊರಟಳು. ಚಾಮರಾಜನಗರದ ಬಸ್ಸಿನಲ್ಲಿ ಅಫ್ರೀನ್ ಸಿಂಧುವಿನ ಪಕ್ಕವೇ ಕೂತಳು. ಅವಳ ಅಮ್ಮಿ ಜಮೀಲಾ ಕಟ್ಟಿಕೊಟ್ಟಿದ್ದ ಮೊಟ್ಟೆ ಪಲ್ಯದ ಚಪಾತಿಯನ್ನು ಅರ್ಧ ಮಾಡಿ ಕೊಟ್ಟಳು.

"ನಿಂಗೇನು ಭಯ? ನನಗೆ ಸೋತ್ರೆ ಸರ್ ಮುಖ ನೋಡಕ್ಕಾಗಲ್ಲ ಅಂತ ಹೊಟ್ಟೆ ನೋವು ಬರ್ತೈತೆ. ಅಷ್ಟೊಂದು ನೋಡ್ತಾರೆ ನನ್ನ" ಎಂದಳು ಅಫ್ರೀನ್.

ಸಿಂಧು ಚಪಾತಿ ಬಾಯಲ್ಲಿಟ್ಟುಕೊಂಡೇ ಅವಳನ್ನು ನೋಡಿದಳು. ಹೀಗೂ ಒಂದು ಹೊಟ್ಟೆನೋವು ಇರುತ್ತದೆಂದು ಅವಳಿಗೆ ಹೊಳೆದಿರಲಿಲ್ಲ. ಕನಿಕರವೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಅಫ್ರೀನ್ ಮೊದಲು ಮಾಡಿ ಫೈನಲ್‌ಗೆ ಹೋದಳು. ಆಮೇಲೆ ಸಿಂಧುವಿನ ಹೆಸರು ಕರೆದರು. ಅವಳು ಚಾಪೆಯ ನಡುವೆ ನಿಂತು ಬಗ್ಗಿ ನಮಸ್ಕರಿಸಿ ಶುರುಮಾಡಿದಳು. ಹೊಡೆತ, ತಡೆ, ತಿರುವು, ಒದೆತ, ಯಾವುದೂ ತಡವರಿಸಲಿಲ್ಲ. ತಿರುಗುವಾಗ ಒಮ್ಮೆ ಕಣ್ಣಿಗೆ ಬಿತ್ತು: ಸರ್ ಕುರ್ಚಿಯಿಂದ ಎದ್ದು ನಿಂತಿದ್ದಾರೆ, ಕಣ್ಣು ಅವಳ ಮೇಲೆಯೇ ನೆಟ್ಟಿದೆ. ಎಷ್ಟು ದಿನ ಕಾದಿದ್ದಳು ಆ ನೋಟಕ್ಕೆ! ಕೊನೆಯ ಹೊಡೆತಕ್ಕೆ ಅವಳು ಕೂಗಿದ ಕೂಗಿಗೆ, ಗ್ಯಾಲರಿಯಲ್ಲಿ ಕೂತಿದ್ದ ಅಜ್ಜಿ "ನನ್ ಮೊಗ!" ಎಂದು ಪಕ್ಕದವರ ತೊಡೆ ಗುದ್ದಿದಳು.

ತೀರ್ಪುಗಾರರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಹಿರಿಯರೊಬ್ಬರು ಎದ್ದು ಮೆತ್ತಗೆ ಹೇಳಿದರು. ಈ ಕಟಾ ಎಡಗಡೆಯಿಂದ ಶುರುವಾಗಬೇಕು. ಮಗು ಬಲಗಡೆಯಿಂದ ಶುರುಮಾಡಿ ಕಡೆಯವರೆಗೂ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಮಾಡಿದ್ದಾಳೆ. ಮಾಡಿದ್ದೇನೋ ಬಹಳ ಚೆನ್ನಾಗಿದೆ. ಆದರೆ ಲೆಕ್ಕಕ್ಕೆ ಬರುವುದಿಲ್ಲ, ಔಟ್.

ಸಿಂಧುವಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಎದುರು ನಿಂತು ಕಲಿತದ್ದು; ಅಫ್ರೀನ್‌ಳ ಎಡ ಅವಳಿಗೆ ಬಲವಾಗಿತ್ತು. ಕನ್ನಡಿ ಇನ್ನು ಹೇಗೆ ಕಲಿಯುತ್ತದೆ?

ಸರ್ ದಾಪುಗಾಲು ಹಾಕಿಕೊಂಡು ಬಂದರು. "ಎಡ ಬಲ ಗೊತ್ತಾಗಲ್ವಾ? ಅಷ್ಟು ದಿನದಿಂದ ಮಾಡ್ತಿದ್ದೀಯಲ್ಲ?"

ಬೈಗುಳ ಬಂದೇ ಬಂತು, ಆದರೆ ಅವಳು ಕೇಳಿಕೊಂಡಿದ್ದು ಇಂಥದ್ದನ್ನಲ್ಲ. ಸಿಂಧು ಅತ್ತೇಬಿಟ್ಟಳು. ಹೆದರಿಕೆಯೂ ಅಳುವಿನ ಜೊತೆಗೇ ಹೊರಟುಹೋಯಿತು.

"ಅಷ್ಟ್ ದಿನದಿಂದ ಮಾಡ್ತಿವ್ನಿ ಸಾರ್, ನಿಮ್ ಕಣ್ಮುಂದೇನೇ ಮಾಡಿವ್ನಿ. ನೀವು ಒಂದ್ ದಿನ, ಒಂದೇ ಒಂದ್ ದಿನ ನನ್ ಕಡೆ ನೋಡಿದ್ರೂ ಗೊತ್ತಾಯ್ತಿತ್ತು, ಈ ಉಡ್ಗಿ ಉಲ್ಟಾ ಮಾಡ್ತಾವ್ಳೆ ಅಂತ. ನೋಡ್ನೇ ಇಲ್ಲ ನೀವು."

ಸರ್ ಬಾಯಿ ತೆರೆದರು. "ನನಗೆ ಎಲ್ಲ ಮಕ್ಕಳೂ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಸಿಂಧುವಿನ ಒದ್ದೆ ಮುಖವನ್ನೇ ಬಹಳ ಹೊತ್ತು ನೋಡಿದರು, ಆ ಮುಖವನ್ನು ಇವತ್ತು ಮೊದಲ ಸಲ ಕಾಣುತ್ತಿರುವವರಂತೆ. ನಾಚಿಕೆಯಿಂದ ಅವರ ಕಿವಿ ಕೆಂಪಾದವು.

"ನಿಜ ಕಣಮ್ಮ. ತಪ್ಪು ನಿಂದಲ್ಲ" ಎಂದರು. "ಬಾ ಹೊರಗೆ."

"ಸರ್, ನನ್ನ ಫೈನಲ್?" ಎಂದು ಬಾಯಿಗೆ ಬಂದದ್ದನ್ನು ಅಫ್ರೀನ್ ಅರ್ಧಕ್ಕೇ ನುಂಗಿಕೊಂಡಳು. "ನೀವು ಹೋಗಿ ಸರ್. ನಾನೊಬ್ಳೇ ಮಾಡ್ಕೋತೀನಿ, ನಂಗೆ ಬರ್ತೈತೆ" ಎಂದಳು. ಹಾಗೆನ್ನುವಾಗ ಅವಳ ಹೆಗಲ ಮೇಲಿನ ಭಾರವೂ ಇಳಿದಂತಿತ್ತು.

ಹೊರಗೆ ಬೇವಿನ ಮರದ ಕೆಳಗೆ ಸರ್ ಚಪ್ಪಲಿ ಬಿಟ್ಟು ಸಿಂಧುವಿನ ಎದುರು ನಿಂತರು. "ಈಗ ನೀನು ಸರಿಯಾಗಿ ಎಡಕ್ಕೆ ಹೋಗು. ನಾನು ನಿನ್ನ ಕನ್ನಡಿ." ಅವಳು ಎಡಕ್ಕೆ ಹೋದಳು, ಅವರು ಬಲಕ್ಕೆ. ಉಲ್ಟಾ ಮಾಡಿ ಅಭ್ಯಾಸವಿಲ್ಲದ ಸರ್ ಮೂರನೆಯ ಹೆಜ್ಜೆಗೇ ಎಡವಿದರು. ಸಿಂಧು ಅಳುತ್ತಿದ್ದವಳು ಕಿಸಕ್ಕನೆ ನಕ್ಕಳು. "ಇದನ್ನ ಹೇಗೆ ಕಲಿತೆ ಮಾರಾಯ್ತಿ?" ಎಂದು ಸರ್ ಬೆವರೊರೆಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದರು.

ಗ್ಯಾಲರಿಯಿಂದ ಇಳಿದು ಸೆರಗು ಸಿಕ್ಕಿಸಿಕೊಂಡು ಬಂದ ಗುರುಮಲ್ಲಮ್ಮನಿಗೆ ಮೊದಲು ಕೇಳಿಸಿದ್ದೇ ಮೇಷ್ಟರ ಕೂಗು.

"ಮೊಣಕೈ ಸಿಂಧು, ಮೊಣಕೈ! ಎಲ್ಲಿದೆ ನಿನ್ನ ಗ್ಯಾನ? ರಾತ್ರಿ ನಿದ್ದೆ ಮಾಡಿದ್ಯಾ ಇಲ್ವಾ?"

ಅಜ್ಜಿಯ ನೆತ್ತಿಗೇರಿತು. "ಯಾಕಯ್ಯ ಮೊಗಾನ ಇಂಗ್ ಬಯ್ದೀಯೆ? ನನ್ ಅವರೆಕಾಯಿ ತಿಂದ್ಬುಟ್ಟು..."

"ಸುಮ್ಕಿರಜ್ಜಿ" ಎಂದಳು ಸಿಂಧು, ಮೊಣಕೈಯನ್ನು ಬೇಕೆಂದೇ ಇನ್ನಷ್ಟು ಇಳಿಬಿಟ್ಟು. "ಬಯ್ಲಿ ಬುಡು."