ಎರಡಡಿ ಎಂಟಿಂಚಿನ ಬಾಗಿಲು

ಬ್ರೆಡ್ ಕಾರ್ಖಾನೆಯ ಬೆಳಗಿನ ಪಾಳಿ ಮುಗಿಸಿ ಬರುವಷ್ಟರಲ್ಲಿ ಸೊಸೆಯ ಜೀವ ಹಿಂಡಿ ಹಿಪ್ಪೆಯಾಗಿರುತ್ತಿತ್ತು. ಅತ್ತೆ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಮೇಲೆ ಆಸ್ಪತ್ರೆಯ ಓಡಾಟವೂ ಸೇರಿಕೊಂಡಿತು. ಅತ್ತೆಯನ್ನು ಮನೆಗೆ ಕಳಿಸುವ ಮುಂಚೆ ಗುಂಡಿ ಒತ್ತಿದರೆ ತಲೆಯ ಕಡೆ ಮೇಲೇಳುವ ಮಂಚ ಬೇಕೇ ಬೇಕು ಎಂದರು ಡಾಕ್ಟರು.

ಬಾಡಿಗೆಗೆ ಕೊಡುವ ಅಂಗಡಿಯವನು ಫೋನಿನಲ್ಲಿ ಕೇಳಿದ್ದು ಒಂದೇ. "ನಿಮ್ಮ ರೂಮಿನ ಬಾಗಿಲು ಎಷ್ಟು ಸೆಂಟಿಮೀಟರ್ ಅಗಲ ಇದೆ ನೋಡಿ ಹೇಳಿ."

ಮನೆಯಲ್ಲಿದ್ದದ್ದು ಅಡಿ, ಇಂಚು ಮಾತ್ರ ಇದ್ದ ಹಳೇ ಟೇಪು. ಅತ್ತೆಯ ಹಿಂಬದಿಯ ಕೋಣೆಯ ಬಾಗಿಲು ಎರಡಡಿ ಎಂಟಿಂಚು ಬಂತು. ನಿಂತಲ್ಲೇ ನಿದ್ದೆಗೆ ಕಣ್ಣು ಎಳೆಯುತ್ತಿತ್ತು. ಅವಳು ಮೊಬೈಲಿನಲ್ಲಿ ಎರಡು ಪಾಯಿಂಟ್ ಎಂಟು ಅಡಿ ಎಂದು ಒತ್ತಿದಳು. ಎಂಬತ್ತೈದು ಸೆಂಟಿಮೀಟರ್ ಎಂದು ಉತ್ತರ ಬಂತು. ಅಂಗಡಿಯವನು ಹೇಳಿದ್ದ ಮಂಚದ ಅಗಲ ಎಂಬತ್ನಾಲ್ಕು. ಸದ್ಯ, ಒಂದು ಕೆಲಸ ಮುಗಿಯಿತು ಎಂದುಕೊಂಡಳು.

ಮಂಚ ತಂದ ಇಬ್ಬರು ಆಳುಗಳು ಅದನ್ನು ಬಾಗಿಲಿಗೆ ಕೊಟ್ಟು ನೂಕಿದರು. ಚೌಕಟ್ಟಿನ ಬಣ್ಣ ಕಿತ್ತು ಬಂತೇ ಹೊರತು ಮಂಚ ಒಳಗೆ ಹೋಗಲಿಲ್ಲ. ಓರೆ ಮಾಡೋಣವೆಂದರೆ ಬಾಗಿಲ ಮುಂದೆ ಜಾಗವಿಲ್ಲ. ಕೊನೆಗೆ ಹಾಲಿನ ನಟ್ಟನಡುವೆ ಇಳಿಸಿ ಹೋದರು.

ಬಸ್ ಡ್ರೈವರನಾಗಿದ್ದ ಗಂಡ ಬಂದು ಲೆಕ್ಕ ಕೇಳಿದ. ಕೇಳಿ, ಚಪ್ಪಲಿ ಬಿಚ್ಚುವುದನ್ನೂ ಮರೆತು ಕೂತ.

"ಅಡಿಗೆ ಹನ್ನೆರಡು ಇಂಚು ಕಣೇ, ಹತ್ತಲ್ಲ. ಎಂಟಿಂಚು ಅಂದ್ರೆ ಪಾಯಿಂಟ್ ಎಂಟು ಹೇಗಾಗುತ್ತೆ? ಮೂವತ್ತೆರಡು ಇಂಚು. ಎಂಬತ್ತೊಂದು ಸೆಂಟಿಮೀಟರ್ ಚಿಲ್ಲರೆ, ಅಷ್ಟೇ."

"ಗೊತ್ತು," ಎಂದಳು. "ಈಗ ಗೊತ್ತಾಯ್ತು."

ಅವನು ಅಂಗಡಿಗೆ ಫೋನ್ ಹಚ್ಚಿದ. ಬೈದಿದ್ದರೆ ಅಳುವುದಕ್ಕಾದರೂ ಒಂದು ನೆಪ ಸಿಗುತ್ತಿತ್ತು.

ಕಡಿಮೆ ಅಗಲದ ಸಪೂರ ಮಂಚವೊಂದು ಬೇರೆಯವರ ಮನೆಯಿಂದ ಮುಂದಿನ ವಾರ ವಾಪಸ್ ಬರುತ್ತದೆ, ಬದಲಾಯಿಸಿ ಕೊಡುತ್ತೇವೆ ಎಂದರು ಅಂಗಡಿಯವರು. ಅಲ್ಲಿಯವರೆಗೆ ಅತ್ತೆ ಹಾಲಿನಲ್ಲಿ. ಮದುವೆಯಾದಾಗಿನಿಂದ ಹಾಲಿನಲ್ಲೇ ಹಾಸಿಗೆ ಬಿಡಿಸುತ್ತಿದ್ದ ಗಂಡಹೆಂಡಿರು ಹಿಂಬದಿಯ ಕೋಣೆಗೆ, ಅತ್ತೆಯ ಹಳೇ ಮರದ ಮಂಚಕ್ಕೆ ಹೋದರು. ನೋಡಲು ಬಂದ ನಾದಿನಿ ಮುಖ ಸಿಂಡರಿಸಿದಳು. "ಬಂದೋರೆಲ್ಲ ನೋಡೋ ಹಾಗೆ ಅಮ್ಮನ್ನ ಇಲ್ಲಿ ಮಲಗಿಸಿದ್ದೀರಲ್ಲ ಅತ್ತಿಗೆ. ಒಂದು ಬಾಗಿಲು ಅಳೆಯೋಕೆ ಬರಲಿಲ್ವಾ?" ಸೊಸೆ ಅವಳಿಗೆ ಕಾಫಿ ಇಡಲು ಎದ್ದಳು.

ಅತ್ತೆ ಮಾತ್ರ ಚಿಗುರಿಕೊಂಡರು. ಕಿಟಕಿಯಾಚೆ ಯಾರು ಹೋದರು, ಯಾರ ಜೊತೆ ಹೋದರು, ಒಲೆಯ ಮೇಲೆ ಹಾಲು ಉಕ್ಕುವ ಹೊತ್ತಾಯಿತೇ, ಎಲ್ಲಕ್ಕೂ ಅವರದೇ ಕಾವಲು. ಮೊದಲೆರಡು ದಿನ ಸೊಸೆಯ ತಲೆ ಚಿಟ್ಟು ಹಿಡಿಯಿತು. ಆಮೇಲೊಂದು ಮಧ್ಯಾಹ್ನ, ಬಟ್ಟೆ ಮಡಿಸಿಡಲು ಕೋಣೆಗೆ ಹೋದವಳು ಗಾಳಿಗೆ ಬಡಿದುಕೊಳ್ಳುತ್ತಿದ್ದ ಬಾಗಿಲನ್ನು ಹಾಕಿದಳು. ಸದ್ದು ನಿಂತಿತು. ಹಾಗೇ ಒರಗಿದಳು. ಎದ್ದಾಗ ಹೊತ್ತು ಇಳಿದಿತ್ತು. ಯಾರೂ ಕರೆದಿರಲಿಲ್ಲ.

ಸಪೂರ ಮಂಚ ಹೊತ್ತು ಅದೇ ಆಳುಗಳು ಬಂದ ದಿನ ಅವಳು ಕಾರ್ಖಾನೆಯಲ್ಲಿದ್ದಳು. ಮನೆಗೆ ಬಂದಾಗ ದೊಡ್ಡ ಮಂಚ ಇದ್ದಲ್ಲೇ ಇತ್ತು.

"ವಾಪಸ್ ಕಳಿಸಿದೆ," ಎಂದರು ಅತ್ತೆ. "ಅದರಲ್ಲಿ ಮಗ್ಗುಲು ತಿರುಗೋಕಾಗಲ್ಲ, ಬಿದ್ದುಬಿಡ್ತೀನಿ ಅಂದೆ."

"ನಿಮ್ಮ ಮಗಳು ಏನಂತಾಳೋ, ಅತ್ತೆ."

"ಅವಳು ಅಂದ್ಕೊಳ್ಳಲಿ. ನಿನ್ನ ಕಣ್ಣು ನೋಡು, ಗುಳಿ ಬಿದ್ದಿದೆ. ಹೋಗು, ಬಾಗಿಲು ಹಾಕ್ಕೊಂಡು ಮಲಗು. ಯಾರಾದ್ರೂ ಬಂದ್ರೆ ನಾನಿದ್ದೀನಿ."

ಅವಳು ಕೈಚೀಲವನ್ನು ಕೂಡ ಕೆಳಗಿಡದೆ ಒಳಗೆ ಹೋದಳು.