ಆಚೆ ಸಾಲಿನ ಕರೆಂಟು

ನಾನು ದುರುಗುಟ್ಟಿ ನೋಡಿದರೆ ಕರೆಂಟಿನ ಮೀಟರು ಹಿಂದಕ್ಕೆ ತಿರುಗುತ್ತದೆ. ನಂಬದಿದ್ದರೆ ಬಿಡಿ, ನಷ್ಟ ನಿಮಗೇ. ಒಂದು ಬೇಸಿಗೆಯಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನೋಡಿಬಿಟ್ಟೆ. ಚಕ್ರ ಎಷ್ಟು ಹಿಂದಕ್ಕೆ ಓಡಿತೆಂದರೆ, ಕಂಪನಿಯ ದೊಡ್ಡ ಇಂಜಿನಿಯರೇ ಮನೆ ಬಾಗಿಲಿಗೆ ಬಂದು, "ಸ್ವಾಮೀ, ಈಗ ನಾವೇ ನಿಮಗೆ ಕರೆಂಟು ಕೊಡುವುದು ಬಾಕಿ ಬಿದ್ದಿದೆ. ದಯವಿಟ್ಟು ಕಣ್ಣು ಮುಚ್ಚಿಕೊಳ್ಳಿ" ಎಂದು ಕೈಮುಗಿದ.

ಇಂಥ ನಾನು ಹೊಟ್ಟೆಪಾಡಿಗೆ ಮಾಡುವುದು ಗಡಿಯಾರ ರಿಪೇರಿ. ನಾನು ಹೊಸ ಸೆಲ್ಲು ಹಾಕಿದ ಗಡಿಯಾರವನ್ನು ನೋಡಿ ಸೂರ್ಯ ತನ್ನ ಟೈಮು ಸರಿಮಾಡಿಕೊಳ್ಳುತ್ತಾನೆ. ಅದಿರಲಿ, ಈಗ ಹೇಳುವುದು ಮಾತ್ರ ಅಪ್ಪಟ ನಿಜ. ನಮ್ಮ ಬೀದಿಯ ಈಚೆ ಸಾಲಿಗೆ ಕರೆಂಟು ಕೊಡುವುದು ಒಂದು ಕಂಪನಿ, ಆಚೆ ಸಾಲಿಗೆ ಇನ್ನೊಂದು. ಎರಡರ ಗಡಿ ನಡುಬೀದಿಯಲ್ಲೇ ಹಾದುಹೋಗುತ್ತದೆ. ನಮ್ಮ ಕಡೆ ಕರೆಂಟು ಹೋದರೆ ಅವರು ಕಿಟಕಿಗೆ ಬಂದು ಹಲ್ಲು ಕಿರಿಯುತ್ತಾರೆ. ಅವರದು ಹೋದರೆ ನಾವು ಬೇಕೆಂದೇ ಬಚ್ಚಲಮನೆಯ ದೀಪವನ್ನೂ ಹಾಕುತ್ತೇವೆ.

ಈಚೆ ಸಾಲಿನಲ್ಲಿ ನಾನು ಮತ್ತು ನನ್ನ ಹೆಂಡತಿ. ಸರಿಯಾಗಿ ಎದುರಿಗೆ ನನ್ನ ಅಕ್ಕ, ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಾಳೆ. ಅವಳ ಮುಂದಿನ ಕೋಣೆಗೆ ಗೋಡೆಯಗಲದ ಕಿಟಕಿ. ಕಡುನೀಲಿ ಬಟ್ಟೆಯ ಮೇಲೆ ಕಡುನೀಲಿ ದಾರದಲ್ಲಿ ದಿನವಿಡೀ ಹೊಲಿಯುವವಳಿಗೆ ಅಂಥ ಕಿಟಕಿ ಮೂರನೇ ಕಣ್ಣಿದ್ದ ಹಾಗೆ.

ತಿಂಗಳಿಗೊಮ್ಮೆ ಎರಡೂ ಮನೆಯ ಬಿಲ್ಲುಗಳನ್ನು ಅಕ್ಕನ ಕತ್ತರಿ ಮೇಜಿನ ಮೇಲೆ ಅಕ್ಕಪಕ್ಕ ಹಾಸುವುದು ನಮ್ಮ ರೂಢಿ. ಒಟ್ಟು ಮೊತ್ತವನ್ನು ಯೂನಿಟ್ಟುಗಳಿಂದ ಭಾಗಿಸುವುದು ನನ್ನ ಕೆಲಸ.

"ನೋಡಕ್ಕ, ನಮ್ಮ ಕಂಪನಿದು ಯೂನಿಟ್ಟಿಗೆ ನಾಲ್ಕು ಬಿತ್ತು. ನಿನ್ನದು ಐದೂವರೆ! ನಿಮ್ಮ ಕಂಪನಿಯವರು ಹಗಲು ದರೋಡೆಕೋರರು."

"ಪ್ರತಿ ತಿಂಗಳೂ ಇದೇ ಆಯ್ತಲ್ಲೋ."

"ನನ್ನ ಸ್ಕೂಟರೇ ಸಾಕ್ಷಿ. ನಿನ್ನ ಮೆಟ್ಟಿಲ ಕೆಳಗೆ ನೆರಳಿದೆ ಅಂತ ಗಾಡಿ ಇಲ್ಲಿ ನಿಲ್ಲಿಸ್ತೀನಿ, ಅಷ್ಟೆ. ಬ್ಯಾಟರಿ ಬಿಚ್ಚಿ, ಹನ್ನೆರಡು ಕಿಲೋನ ಕಿರುಬೆರಳಲ್ಲಿ ನೇತುಹಾಕ್ಕೊಂಡು ಹೋಗಿ, ದಿನಾ ನಮ್ಮನೇಲೇ ಚಾರ್ಜ್ ಮಾಡ್ತೀನಿ. ಆದರೂ ತಿಂಗಳಿಗೆ ಅರವತ್ತು ಯೂನಿಟ್ಟು ದಾಟಿಲ್ಲ. ಕಂಪನಿ ಅಂದ್ರೆ ನಮ್ಮದು!"

ನನ್ನ ಹೆಂಡತಿ ಅಲ್ಲೇ ಕೂತು ಗುಂಡಿ ಹಾಕುತ್ತಿದ್ದಳು. ನನ್ನ ಕಿರುಬೆರಳನ್ನೇ ಒಮ್ಮೆ ನೋಡಿ, ತುಟಿಯಲ್ಲಿ ಸೂಜಿ ಕಚ್ಚಿಕೊಂಡಳು.

ಬಡಾಯಿ ಕೊಚ್ಚುವವನಿಗೆ ದೊಡ್ಡ ಅಪಾಯ ಯಾವುದು ಗೊತ್ತೆ? ಯಾರೋ ಒಬ್ಬರು ನಂಬಿಬಿಡುವುದು. ಕಳೆದ ತಿಂಗಳು ಅಕ್ಕ ಗಜಕಡ್ಡಿ ಕೆಳಗಿಟ್ಟು ಅಂದಳು:

"ನಿಮ್ಮ ಪಕ್ಕದ ಮನೆ ಖಾಲಿ ಇದೆಯಲ್ಲ, ಅದನ್ನೇ ಹಿಡೀತೀನಿ ಕಣೋ. ನನ್ನದು ಮೋಟಾರು ಮೆಷೀನು, ಇಸ್ತ್ರಿ ಬೇರೆ. ಈ ದರ ತಡ್ಕೊಳ್ಳೋಕೆ ನನ್ನ ಕೈಲಾಗಲ್ಲ. ಬರೋ ತಿಂಗಳು ಅಡ್ವಾನ್ಸು ಕೊಡ್ತೀನಿ ಅಂತ ಓನರಿಗೆ ಮಾತು ಕೊಟ್ಟಾಯ್ತು."

ನಾನು ಬಿಲ್ಲನ್ನು ತಲೆಕೆಳಗಾಗಿ ಹಿಡಿದು ಓದತೊಡಗಿದೆ. ಆ ಮನೆಗಿರುವುದು ಅಂಗೈಯಗಲದ ಒಂದು ಕಿಟಕಿ, ಅದೂ ಹಿಂದಿನ ಮನೆಯ ಗೋಡೆಗೆ ಮೂಗು ತಿಕ್ಕಿಕೊಂಡು ನಿಂತಿದೆ. ಅಲ್ಲಿ ಕೂತು ಕಡುನೀಲಿ ಹೊಲಿದರೆ ವರ್ಷ ತುಂಬುವುದರೊಳಗೆ ಅಕ್ಕನ ಕಣ್ಣು ಹೋಗುತ್ತದೆ.

"ಅಕ್ಕ, ಅಲ್ಲಿ ಗೋಡೆ ತೇವ."

"ಸುಣ್ಣ ಹೊಡೆಸ್ತೀನಿ."

"ಬೆಳಕಿಲ್ಲ."

"ಹಗಲೆಲ್ಲ ದೀಪ ಹಾಕ್ತೀನಿ. ಹೇಗೂ ನಿಮ್ಮ ಕಂಪನಿದು ಅಗ್ಗ ಅಲ್ವಾ?"

"ಅಲ್ಲಿ ದೆವ್ವ ಇದೆ!"

"ಪಕ್ಕದಲ್ಲೇ ನೀನಿದ್ದೀಯಲ್ಲ, ನಿನ್ನ ಮಾತು ಕೇಳಿ ಅದೇ ಗುಳೆ ಎದ್ದು ಹೋಗುತ್ತೆ."

ನಾನು ಸುಳ್ಳು ಹೇಳಿದಾಗೆಲ್ಲ ನಂಬುವ ಅಕ್ಕ, ನಿಜ ಹೇಳಹೊರಟಾಗ ನಂಬಲಿಲ್ಲ. ನಿಜವನ್ನು ನಾನು ಪೂರ್ತಿ ಹೇಳಿಯೂ ಇರಲಿಲ್ಲ ಅನ್ನುವುದು ಬೇರೆ ಮಾತು.

ಆ ತಿಂಗಳು ನನ್ನ ಗ್ರಹಚಾರಕ್ಕೆ ಸ್ಕೂಟರು ಕೆಟ್ಟಿತು. ಬಿಡಿಭಾಗ ಬರಲಿಲ್ಲವೆಂದು ಮೆಕ್ಯಾನಿಕ್ಕು ಅದನ್ನು ಮೂವತ್ತು ದಿನ ತನ್ನ ಷೆಡ್ಡಿನಲ್ಲೇ ಇಟ್ಟುಕೊಂಡ. ನಾನು ಬೀದಿಯವರಿಗೆಲ್ಲ, "ಸ್ಕೂಟರು ಕಂಪನಿಯವರೇ ಸಂಶೋಧನೆಗೆ ಬೇಕೆಂದು ಕಾಡಿಬೇಡಿ ಒಯ್ದಿದ್ದಾರೆ" ಎಂದೆ.

ಅಡ್ವಾನ್ಸು ಕೊಡುವ ದಿನ ಬಂತು. ಓನರು ಬೀಗದ ಕೈ ಹಿಡಿದು ಅಕ್ಕನ ಕೋಣೆಯಲ್ಲಿ ಕೂತಿದ್ದ. ಅಕ್ಕ ಬೀರುವಿನಿಂದ ದುಡ್ಡಿನ ಕವರು ತೆಗೆಯುತ್ತಿದ್ದಳು. ನನ್ನ ಹೆಂಡತಿ ಎಂದಿನಂತೆ ಗುಂಡಿ ಹಾಕುತ್ತಾ ಕೂತಿದ್ದಳು. ನಾನು ಬಾಗಿಲಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ಆಚೀಚೆ ಓಡಾಡುತ್ತಿದ್ದೆ. ಅಷ್ಟರಲ್ಲಿ ಆಚೆ ಕಂಪನಿಯ ಮೀಟರಿನವಳು ಬಂದು ತನ್ನ ಯಂತ್ರದಿಂದ ಚೀಟಿ ಹರಿದುಕೊಟ್ಟಳು.

"ಏನಮ್ಮಾ, ಈ ತಿಂಗಳು ಮನೇಲಿ ಯಾರಾದ್ರೂ ಊರಿಗೆ ಹೋಗಿದ್ರಾ? ಪ್ರತಿ ಸಲ ನೂರ ಎಪ್ಪತ್ತು ಯೂನಿಟ್ಟು ಬರ್ತಿತ್ತು. ಈ ಸಲ ತೊಂಬತ್ತೈದೇ."

ಅಕ್ಕ ಕವರು ಹಿಡಿದುಕೊಂಡೇ ಬಂದಳು. "ಎಲ್ಲಿಗೂ ಹೋಗಿಲ್ಲ. ದಿನಾ ಹೊಲಿದಿದ್ದೀನಿ. ಯೂನಿಟ್ಟಿಗೆ ಎಷ್ಟು ಬಿತ್ತು?"

"ಮೂರು ಮುಕ್ಕಾಲು."

"ನಮ್ಮದು ಐದೂವರೆ ಅಲ್ವಾ?"

"ಯಾರಮ್ಮ ಹೇಳಿದ್ದು? ಮೊದಲ ನೂರು ಯೂನಿಟ್ಟಿಗೆ ಮೂರು ಮುಕ್ಕಾಲು. ನೂರು ದಾಟಿದ್ದಕ್ಕೆಲ್ಲ ಎಂಟು. ನೀವು ದಾಟ್ತಿದ್ರಿ, ಅದಕ್ಕೇ ಸರಾಸರಿ ಏರ್ತಿತ್ತು. ಎದುರು ಸಾಲಿನವರದು ಮೊದಲ ನೂರಕ್ಕೇ ನಾಲ್ಕು, ದಾಟಿದ್ರೆ ಒಂಬತ್ತು. ನಮ್ಮದೇ ಅಗ್ಗ."

ನಾನು ಸುಮ್ಮನಿದ್ದರೆ ಬಚಾವಾಗುತ್ತಿದ್ದೆ. ಆದರೆ ನಮ್ಮ ಕಂಪನಿಯ ಮರ್ಯಾದೆಯ ಪ್ರಶ್ನೆ ಬಂದಾಗ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ.

"ಏನು ಹೇಳ್ತಿದ್ದೀರಿ ಮೇಡಂ? ನಾನು ದಿನಾ ಸ್ಕೂಟರ್ ಚಾರ್ಜ್ ಮಾಡಿದ್ರೂ ತಿಂಗಳಿಗೆ ಅರವತ್ತೇ ಯೂನಿಟ್ಟು!"

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ದಿನಾ ಪೂರ್ತಿ ಚಾರ್ಜಾ? ದಿನಕ್ಕೆ ಎರಡೂವರೆ ಯೂನಿಟ್ಟು ತಿನ್ನುತ್ತೆ ಅದು. ತಿಂಗಳಿಗೆ ಎಪ್ಪತ್ತೈದಾಯ್ತು. ಸ್ಕೂಟರೊಂದಕ್ಕೇ ಎಪ್ಪತ್ತೈದು ಬೇಕು, ಮನೆಯೆಲ್ಲ ಸೇರಿ ಅರವತ್ತು! ನೀವು ಕತ್ತಲಲ್ಲಿದ್ದು ಕಂಪನಿಗೇ ಕರೆಂಟು ಮಾರ್ತೀರಾ?"

ಓನರು ಕಿಸಕ್ಕೆಂದ. ಅಕ್ಕ ನಗಲಿಲ್ಲ. ಮೇಜಿನ ಮೇಲಿದ್ದ ಸೀಮೆಸುಣ್ಣ ತೆಗೆದುಕೊಂಡು, ಕತ್ತರಿಸಿಟ್ಟ ನೀಲಿ ಬಟ್ಟೆಯ ಮೇಲೇ ಬರೆದಳು. ನೂರ ಎಪ್ಪತ್ತು. ಅದರ ಕೆಳಗೆ ತೊಂಬತ್ತೈದು. ಗೆರೆ ಎಳೆದಳು.

"ಎಪ್ಪತ್ತೈದು," ಎಂದಳು. "ಈ ತಿಂಗಳು ಈ ಮನೇಲಿ ಇಲ್ಲದೇ ಇದ್ದದ್ದು ಒಂದೇ. ನಿನ್ನ ಸ್ಕೂಟರು."

ಕತ್ತರಿ ಎತ್ತಿಕೊಂಡು ಮೆಟ್ಟಿಲ ಕೆಳಗೆ ಹೋದಳು. ಬಟ್ಟೆಯ ಮೂಟೆ ಸರಿಸಿದಳು. ಹಿಂದೆ ಪ್ಲಗ್ಗು, ಪ್ಲಗ್ಗಿನಲ್ಲಿ ನನ್ನ ಚಾರ್ಜರು. ಸ್ವಿಚ್ಚಿನ ಮೇಲೆ ನನ್ನ ಎಣ್ಣೆಗೈ ಬೆರಳಿನ ಗುರುತು, ಅದೂ ಕಿರುಬೆರಳಿನದು.

"ಎಷ್ಟು ದಿನದಿಂದ?"

"ಒಂದು ವಾರ."

ನನ್ನ ಹೆಂಡತಿ ಬಾಯಿಂದ ಸೂಜಿ ತೆಗೆದಳು. "ರೀ."

"ಎರಡು ತಿಂಗಳಿರಬಹುದು."

"ಲೋ ಬಡಾಯಿ," ಅಂದಳು ಅಕ್ಕ, ಮೆಲ್ಲಗೆ. "ನಿನ್ನ ಲೆಕ್ಕ ನಂಬಿ ನನ್ನ ಕಿಟಕಿ ಬಿಟ್ಟು ಹೊರಟಿದ್ದೆ ಕಣೋ."

ನಾನು ಬಗ್ಗಿ ಪ್ಲಗ್ಗಿನಿಂದ ಚಾರ್ಜರು ಕಿತ್ತೆ.

"ಹದಿನಾಲ್ಕು ತಿಂಗಳು, ಅಕ್ಕ," ಎಂದೆ. "ಬ್ಯಾಟರಿ ಒಂದು ದಿನವೂ ನಮ್ಮನೆ ಹೊಸಿಲು ದಾಟಿ ಒಳಗೆ ಬಂದಿಲ್ಲ. ಅದನ್ನ ಎರಡು ಕೈಲೂ ಎತ್ತೋಕೆ ನನ್ನಿಂದ ಆಗಲ್ಲ."

ಅಕ್ಕ ಕವರನ್ನು ಬೀರುವಿಗೆ ವಾಪಸು ಹಾಕಿದಳು. ಓನರು ಬೀಗದ ಕೈ ಜೇಬಿಗಿಳಿಸಿಕೊಂಡ. ಹದಿನಾಲ್ಕು ತಿಂಗಳ ಕರೆಂಟಿನ ಬದಲಿಗೆ ನಾನೀಗ ಸಂಜೆ ಸಂಜೆ ಅಕ್ಕನ ಕಿಟಕಿಯ ಪಕ್ಕ ಕೂತು ಗುಂಡಿ ಹಾಕುತ್ತೇನೆ. ಆ ಬೆಳಕಿನಲ್ಲೂ ಸೂಜಿಗೆ ಕಡುನೀಲಿ ದಾರ ಪೋಣಿಸುವುದು ಎಷ್ಟು ಕಷ್ಟವೆಂದು ಈಗ ಗೊತ್ತಾಗಿದೆ.

ಸ್ಕೂಟರು ನಮ್ಮನೆಯಲ್ಲೇ ಚಾರ್ಜಾಗುತ್ತದೆ. ಪ್ಲಗ್ಗು ಸಿಕ್ಕಿಸಿ, ಸ್ಟೂಲು ಹಾಕಿಕೊಂಡು ಮೀಟರಿನ ಮುಂದೆ ಕೂತು ದುರುಗುಟ್ಟಿ ನೋಡುತ್ತೇನೆ. ಇಂಜಿನಿಯರು ಯಾವತ್ತೂ ಬಂದಿರಲಿಲ್ಲ. ಚಕ್ರ ಮುಂದಕ್ಕೇ ತಿರುಗುತ್ತದೆ.