ಎಡಗಾಲಿಗೆ ಕೊಡಬೇಕಿದ್ದ ಪಾಸ್

ಬಾಗಿಲು ಎಡಗಡೆ ತೆರೆಯುತ್ತದೆ ಅಂತಾಳೆ ಮೆಟ್ರೋದೊಳಗಿನ ಹೆಣ್ಣುದನಿ, ತೆಲುಗಿನಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಇನ್ನೊಮ್ಮೆ, ಒಂದು ಸಲ ಸಾಲದೇ ತಾಯಿ, ಎಡಗಡೆ ಅಂದ ಕೂಡಲೇ ಗೋಪಿನಾಥರಿಗೆ ಒಂದು ಎಡಗಾಲು ನೆನಪಾಗುತ್ತದೆ, ಐವತ್ನಾಲ್ಕು ವರ್ಷದಿಂದ ನೆನಪಾಗುತ್ತಿದೆ, ವಯಸ್ಸು ಎಪ್ಪತ್ತೆಂಟಾದರೂ ಬಿಟ್ಟಿಲ್ಲ — ಅಮೀರ್‌ಪೇಟೆಯ ಗದ್ದಲ ಒಳಗೆ ನುಗ್ಗಿತು, ಬಾಗಿಲು ಮುಚ್ಚಿತು, ತೊಡೆಯ ಮೇಲಿನ ಚೀಲ ಚರಚರ ಅನ್ನುತ್ತದೆ, ಒಳಗೆ ಎರಡು ಶಾಲು, ಒಂದು ತನ್ನದು, ಒಂದು ವೆಂಕಟೇಶನದು, ಹಳೆಯ ಫುಟ್‌ಬಾಲ್ ಆಟಗಾರರಿಗೆ ಸನ್ಮಾನವಂತೆ, ಹಳೆಯ ಆಟಗಾರರು ಅಂದರೆ ಯಾರು, ಹನ್ನೊಂದು ಜನರಲ್ಲಿ ಉಳಿದವರೇ ಇಬ್ಬರು, ಆ ಇಬ್ಬರಲ್ಲಿ ವೇದಿಕೆ ಹತ್ತಲು ಆದವನು ತಾನೊಬ್ಬ. ಬೆಳಿಗ್ಗೆ ಮಿಯಾಪುರದ ಸಭಾಂಗಣದಲ್ಲಿ ಭಾಷಣ ಮಾಡಿದ ಹುಡುಗನಿಗೆ ಮೂವತ್ತೈದು ದಾಟಿರಲಿಕ್ಕಿಲ್ಲ, ಆ ಆಟವನ್ನು ಅವನ ಅಪ್ಪನೂ ನೋಡಿರಲಿಕ್ಕಿಲ್ಲ, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ, ದೇಶ ಕಂಡ ಅತಿ ಚೆಂದದ ತಂಡ, ಮೂರು ಸಲ ಫೈನಲ್, ಕೈಗೆ ಒಂದೂ ಕಪ್ಪಿಲ್ಲ, ಗೋಪಿನಾಥ್ ಸಾರ್ ಕೊಟ್ಟ ಆ ಬಂಗಾರದಂಥ ಪಾಸನ್ನು ವೆಂಕಟೇಶ್ ಸಾರ್ ಕೈಚೆಲ್ಲದೇ ಇದ್ದಿದ್ದರೆ — ಎಲ್ಲರೂ ಅಯ್ಯೋ ಅಂದರು, ಆಮೇಲೆ ಚಪ್ಪಾಳೆ, ಮತ್ತೆ ತಾನು, ಥೂ, ಶಾಲು ಹೊದಿಸಿಕೊಳ್ಳಲು ತಲೆ ಬಗ್ಗಿಸಿ ನಿಂತದ್ದು. ಇವತ್ತು ಹೇಳಿಬಿಡಬೇಕು. ಶಾಲು ಕೊಡುವುದೊಂದು ನೆಪ, ಪಾಸ್ ನಂದ ಕೆಟ್ಟದ್ದೋ ವೆಂಕಟ್ಯಾ, ನಿಂದೇನೂ ತಪ್ಪಿಲ್ಲ, ಇಷ್ಟೇ ಮಾತು, ಇಷ್ಟು ಹೇಳಿದರೆ ಸಾಕು.

ಬಂಗಾರದಂಥ ಪಾಸ್ ಅಂತೆ. ಕೋಚ್ ಸಾಹೇಬರು ಇದ್ದಿದ್ದರೆ ಆ ಹುಡುಗನ ಕಿವಿ ಹಿಂಡುತ್ತಿದ್ದರು, ಮಲ್ಕಾಜ್‌ಗಿರಿಯ ರೈಲ್ವೆ ಮೈದಾನದಲ್ಲಿ ನಸುಕಿಗೇ ನಿಲ್ಲಿಸಿ ಅವರು ಕಲಿಸಿದ್ದು ಎರಡೇ ಕಾನೂನು, ಒಂದು, ಆಡುವಾಗ ಬಾಯಿ ಬಿಡಬಾರದು, ಇಲ್ಲಿ ಕೊಡು ಅಲ್ಲಿ ಕೊಡು ಅಂತ ಕೂಗಿದವನಿಗೆ ಮೈದಾನದ ಸುತ್ತ ಹತ್ತು ಸುತ್ತು, ಚೆಂಡು ಯಾವ ಕಾಲಿಗೆ ಬೇಕೋ ಆ ಕಾಲಿನ ತುದಿ ಮುಂದೆ ಮಾಡಿ ತೋರಿಸಬೇಕು, ಕೊಡುವವನು ಕಣ್ಣಿಟ್ಟು ನೋಡಬೇಕು, ಎರಡು, ಚೆಂಡು ನಿನಗೆ ಮುಟ್ಟಿತು ಅಂದರೆ ಅದು ನಿನ್ನದು, ಕೊಟ್ಟವನನ್ನು ದೂರುವಂತಿಲ್ಲ, ಕೆಟ್ಟ ಪಾಸ್ ಅನ್ನುವ ಮಾತೇ ಆ ತಂಡದಲ್ಲಿರಲಿಲ್ಲ. ಹನ್ನೊಂದು ಜನ ಮೂಗರ ಹಾಗೆ ಆಡುತ್ತಿದ್ದರೆ ಪರದೇಶದವರು ಎದ್ದು ನಿಂತು ನೋಡುತ್ತಿದ್ದರು, ಪೇಪರಿನವರು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದರು, ಕಪ್ ಮಾತ್ರ ಬೇರೆಯವರ ಮನೆಗೆ ಹೋಯಿತು — ಮೂರನೆಯ ಫೈನಲ್, ಮಳೆ ಬಂದು ನಿಂತಿದೆ, ಒಂದಕ್ಕೊಂದು ಸಮ, ಇನ್ನೆರಡು ನಿಮಿಷ, ಚೆಂಡು ತನ್ನ ಕಾಲಲ್ಲಿದೆ, ವೆಂಕಟೇಶ ಎಡಗಾಲಿನ ತುದಿ ಮುಂದೆ ಮಾಡಿದ್ದಾನೆ, ಕಂಡಿತು, ಸ್ವಚ್ಛ ಕಂಡಿತು, ಕಾಣಲಿಲ್ಲ ಅಂತ ದೇವರ ಮುಂದೂ ಹೇಳಲಾರ, ಆದರೆ ಅದೇ ಗಳಿಗೆಯಲ್ಲಿ ಆಸೆ ಹುಟ್ಟಿತು, ನಾನೇ ಹೊಡೆದರೆ, ನಾಳೆ ಪೇಪರಿನಲ್ಲಿ ನನ್ನದೇ ಫೋಟೋ, ಹೊಡೆಯಲೆಂದು ಕಾಲು ಹಿಂದೆಳೆದ, ಆಮೇಲೆ ಸಾಹೇಬರ ಮುಖ ನೆನಪಾಗಿ ಅಂಜಿಕೆ, ಗಡಬಡಿಸಿ ತಳ್ಳಿದ, ತಡವಾಗಿ, ಬಲಗಾಲಿನ ಹಿಂದಕ್ಕೆ, ವೆಂಕಟೇಶ ಮೈ ತಿರುಚಿದ, ಚೆಂಡು ಅವನ ಹಿಮ್ಮಡಿಗೆ ತಾಗಿ ಎದುರಾಳಿಗಳ ಕಾಲಿಗೆ ಸಿಕ್ಕಿತು, ಅವರು ಅಲ್ಲಿಂದಲೇ ಓಡಿಸಿಕೊಂಡು ಹೋಗಿ ಗೋಲು ಹೊಡೆದರು. ಬಸ್ಸಿನಲ್ಲಿ ವೆಂಕಟೇಶ ಪಕ್ಕದಲ್ಲೇ ಕೂತ, ಪಾಸನ್ನು ದೂರಲಿಲ್ಲ. ಅವನಿಗೆ ಕಾನೂನು ಗೊತ್ತಿತ್ತು.

ನಾಂಪಲ್ಲಿ, ಯಾರೋ ಇಳಿದರು, ಯಾರೋ ಸಿಕಂದರಾಬಾದಿನ ಬಿರಿಯಾನಿ ಬಗ್ಗೆ ಜಗಳಾಡುತ್ತಿದ್ದಾರೆ — ಆ ತಂಡ ಒಡೆದ ಮೇಲೆ ದೇಶ ಮತ್ತೆ ಫೈನಲ್ ಮುಟ್ಟಲೇ ಇಲ್ಲ, ಅದಕ್ಕೇ ಜನ ಆ ಒಂದು ಚೆಂಡನ್ನು ಮರೆಯಲಿಲ್ಲ, ಹಿಮ್ಮಡಿ ವೆಂಕಟೇಶ ಅಂತ ಹೆಸರಿಟ್ಟರು, ಆಫೀಸಿನಲ್ಲಿ ಹಿಮ್ಮಡಿ, ಸಂತೆಯಲ್ಲಿ ಹಿಮ್ಮಡಿ, ಮಗಳು ಭಾಗ್ಯಶ್ರೀಯ ಮದುವೆ ಮಾತಿಗೆ ಬಂದ ಬೀಗರು ಕೂಡ ಚಹಾ ಕುಡಿಯುತ್ತ, ನೀವ ಅಲ್ಲೇನ್ರಿ ಆ ಹಿಮ್ಮಡಿಯವರು ಅಂತ ನಕ್ಕರು, ವೆಂಕಟೇಶನೂ ನಕ್ಕ, ತಾನು ಅಲ್ಲೇ ಕೂತು ಬಿಸ್ಕತ್ತು ತಿಂದ. ಒಂದು ದಿನ ಅವನ ಹೆಂಡತಿ ಗೋದಾಬಾಯಿ, ಪುಣ್ಯವಂತೆ, ಈಗಿಲ್ಲ, ಅಡಿಗೆಮನೆ ಬಾಗಿಲಲ್ಲಿ ನಿಂತು ಕೇಳಿದಳು, ಗೋಪಣ್ಣಾ, ಇವರಂತೂ ಬಾಯಿ ಬಿಡಂಗಿಲ್ಲ, ನೀವು ಬಾಜೂಕ ಇದ್ದವರು, ಖರೇ ಏನಾತು ಹೇಳ್ರಿ. ಕೇಳಿದ್ದಳಲ್ಲ, ಬಾಯಿಬಿಟ್ಟು ಕೇಳಿದ್ದಳಲ್ಲ. ಮಳಿ ಬಂದು ಚೆಂಡು ಜಾರತಿತ್ತು ವೈನಿ, ಯಾರ ತಪ್ಪೂ ಅಲ್ಲ, ಅಂದುಬಿಟ್ಟ. ಅವಳು ಹೂಂ ಅಂದು ಒಳಗೆ ಹೋದಳು, ಹೋದವಳು ಮತ್ತೆಂದೂ ಕೇಳಲಿಲ್ಲ. ಅವಳು ತೀರಿಹೋದ ಮೇಲೆ ಗೋಪಿನಾಥರು ಆ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದರು, ಈಗ ಎರಡು ವರ್ಷದಿಂದ ಹೋಗೇ ಇಲ್ಲ, ಮಂಡಿನೋವು ಅಂತ ಎಲ್ಲರಿಗೂ ಹೇಳಿದ್ದಾರೆ, ಮಂಡಿ ಚೆನ್ನಾಗಿಯೇ ಇದೆ.

ದಿಲ್‌ಸುಖ್‌ನಗರ, ಮೆಟ್ಟಿಲು, ಕೋಚಿಂಗ್ ಕ್ಲಾಸಿನ ಹುಡುಗರ ದಂಡು, ಹಣ್ಣಿನ ಗಾಡಿ, ಎಡಕ್ಕೆ ತಿರುಗಿ ಮೂರನೆಯ ಓಣಿ, ಲಿಫ್ಟು, ನಾಲ್ಕನೆಯ ಮಹಡಿ, ಭಾಗ್ಯಶ್ರೀ ಬಾಗಿಲು ತೆಗೆದಳು, ಬರ್ರಿ ಕಾಕಾ, ಎಷ್ಟ ದಿನಾ ಆತ್ರಿ, ಅಪ್ಪಾರಿಗೆ ಭಾಳ ಮರವು ಆಗೇತಿ, ಗುರುತು ಹಿಡೀಲಿಲ್ಲಂದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ. ಬಾಲ್ಕನಿಗೆ ಎದುರಾಗಿ ಕುರ್ಚಿ, ಕುರ್ಚಿಯಲ್ಲಿ ವೆಂಕಟೇಶ, ಅಷ್ಟು ಸಣ್ಣಗಾಗಿದ್ದಾನೆ, ಹೆಗಲು ಎಲ್ಲಿ ಹೋಯಿತೋ, ಶಾಲು ಹೊದಿಸಿದರೆ ಜಾರಿ ಬೀಳುತ್ತದೆ, ಮತ್ತೆ ಹೊದಿಸಿ ಎದುರಿಗೆ ಕೂತು ಗೋಪಿನಾಥರು ಶುರುಮಾಡಿದರು, ವೆಂಕಟ್ಯಾ, ಆ ಪಾಸ್ ಐತೆಲ್ಲಾ — ಅಷ್ಟಕ್ಕೇ ಅವನ ಮುಖ ಅರಳಿತು, ಎಂಥಾ ಪಾಸ್ ಕೊಟ್ಟಿಲೇ ಗೋಪ್ಯಾ, ಸೀದಾ ಎಡಗಾಲಿಗೆ ಬಂತಲ್ಲೋ, ನಾ ಏನ ಮಾಡೇನಿ, ಸುಮ್ನ ತಾಗಿಸೇನಿ, ಒಳಗ ಹೋತು, ನೋಡಲ್ಲೆ, ಗೋಲಿನ ಬಲಿ ಇನ್ನೂ ಅಲಗಾಡಾಕತ್ತೈತಿ. ಅವನ ಬೆರಳು ಬಾಲ್ಕನಿಯ ಕಡೆಗಿದೆ, ಪಾರಿವಾಳ ಬರದಂತೆ ಅಡ್ಡ ಕಟ್ಟಿಸಿದ ನೈಲಾನ್ ಬಲೆ, ಗಾಳಿಗೆ ಉಬ್ಬುತ್ತದೆ, ಇಳಿಯುತ್ತದೆ. ಮುಂಜಾನಿಂದ ಸಂಜಿತನಾ ಇದನ್ನ ನೋಡ್ಕೋತ ಕೂಡ್ತಾರ ಕಾಕಾ, ಭಾಗ್ಯಶ್ರೀ ಹಿಂದಿನಿಂದ ಸಣ್ಣದನಿಯಲ್ಲಿ, ನಾ ಹುಟ್ಟಿದಾಗಿಂದ ಅಪ್ಪಾ ಹಿಂಗ ನಕ್ಕಿದ್ದು ನೋಡಿಲ್ರಿ, ಸುಮ್ನ ಹೂಂ ಅಂದಬಿಡ್ರಿ. ಹೂಂ ಅಂದರೆ ಮುಗಿಯಿತು, ಮುಂದೆ ಯಾರಿಗೆ ಹೇಳುವುದು, ಕ್ಷಮಿಸಬೇಕಾದವನು ಅಲ್ಲಿ ಗೆದ್ದು ಕೂತಿದ್ದಾನೆ, ಖರೇ ಹೇಳಿದರೆ ಈ ಗೋಲನ್ನೂ ಅವನಿಂದ ಕಸಿದುಕೊಂಡ ಹಾಗೆ, ಒಬ್ಬ ಮನುಷ್ಯನಿಂದ ಎಷ್ಟು ಸಲ ಕಸಿಯುವುದು — ಗೆದ್ವಿ ಹೌದಲ್ಲೋ ಗೋಪ್ಯಾ, ಅಂತಾನೆ ಅವನು, ಹೂಂ ವೆಂಕಟ್ಯಾ, ಗೆದ್ವಿ, ಅಂತಾರೆ ಗೋಪಿನಾಥರು, ಅವನು ಕೈ ಹಿಡಿದುಕೊಂಡು, ನೀ ಕೊಟ್ಟಿದ್ದಕ್ಕೋ, ನೀ ಕೊಟ್ಟಿದ್ದಕ್ಕ ಆತು, ಅನ್ನುತ್ತಿದ್ದಾನೆ, ಕೈ ಬಿಡಿಸಿಕೊಳ್ಳಲಾಗದೆ ಅವನು ನೋಡುವ ಕಡೆಗೇ ನೋಡುತ್ತಾರೆ, ಗಾಳಿ ಬಂತು, ಬಲೆ ಉಬ್ಬಿತು, ಇಳಿಯಿತು, ಇನ್ನು ಎದ್ದು ಹೋಗಬೇಕು, ಏಳಬೇಕು, ಬಲೆ ಉಬ್ಬಿತು, ಏಳಬೇಕು, ಇಳಿಯಿತು, ಬಲೆ, ಬಲೆ ಅಲುಗಾಡುತ್ತಿದೆ —